ನೀರು ಕೇಳದ ಗಿಡ

ಗಿಡಕ್ಕೆ ನೀರೆರೆಯುವುದು ಪುಣ್ಯದ ಕೆಲಸವೆಂಬ ಮಾತನ್ನು ಕೇಳದೆ ಬೆಳೆದವರು ಕನ್ನಡ ನಾಡಿನಲ್ಲಿ ವಿರಳ. ಬೆಳಗಾಗೆದ್ದು ಮಿಂದು, ತುಳಸಿಯ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದಲ್ಲದೆ ಕಾಫಿಯನ್ನೂ ಮುಟ್ಟದ ಹಿರಿಯರು ಇಂದಿಗೂ ಇದ್ದಾರೆ. ಬಾಡಿದ ಗಿಡವನ್ನು ಕಂಡರೆ ಕೈ ತಾನಾಗಿಯೇ ಚೆಂಬನ್ನು ಹುಡುಕುತ್ತದೆ. ನೀರೆರೆದವರೇ ಗಿಡವನ್ನು ಕೊಂದರೆಂದರೆ ನಂಬುವುದು ಕಷ್ಟ. ಆದರೆ ಹಾಗೆ ಸಾಯುವ ಗಿಡಗಳೂ ಉಂಟು. ಪಟ್ಟಣದ ಮನೆಗಳ ಕಿಟಕಿಗಳಲ್ಲಿ ಈಗ ಮತ್ತೆ ಮತ್ತೆ ಕಾಣಸಿಗುವ ಜೇಡ್ ಗಿಡ ಅವುಗಳಲ್ಲೊಂದು.

ಜೇಡ್ ಎಂಬುದು ನುಣುಪಾದ, ಹಸುರು ಬಣ್ಣದ, ಬೆಲೆಬಾಳುವ ಒಂದು ಕಲ್ಲು. ಚೀನೀಯರಿಗೆ ಅದು ಪ್ರಾಚೀನ ಕಾಲದಿಂದಲೂ ಪ್ರಿಯವಾದದ್ದು. ಈ ಗಿಡದ ಎಲೆಗಳಿಗೂ ಅದೇ ಬಗೆಯ ಹೊಳಪಿರುವುದರಿಂದ ಗಿಡಕ್ಕೆ ಕಲ್ಲಿನ ಹೆಸರು ಬಂದಿತು. ಮೊಟ್ಟೆಯಾಕಾರದ ದಪ್ಪನೆಯ ಎಲೆಗಳು ಜೋಡಿಜೋಡಿಯಾಗಿ, ಎದುರುಬದುರಾಗಿ ಕುಳಿತಿರುತ್ತವೆ. ಕಾಂಡವೂ ದಪ್ಪನೆಯದೇ; ವಯಸ್ಸಾದಂತೆ ಅದು ಕಂದು ಬಣ್ಣಕ್ಕೆ ತಿರುಗಿ, ಮೊಳದೆತ್ತರದ ಗಿಡವೂ ಹಳೆಯ ಮರದ ಠೀವಿಯಿಂದ ನಿಲ್ಲುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ರಾಸುಲ ಒವೇಟ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಕ್ರಾಸಸ್’ ಎಂದರೆ ದಪ್ಪ ಎಂದರ್ಥ. ಮನೆಗೆ ಐಶ್ವರ್ಯವನ್ನು ತರುತ್ತದೆಂಬ ನಂಬಿಕೆಯಿಂದ ಕೆಲವರು ಇದನ್ನು ಕೊಂಡು ತರುತ್ತಾರೆ; ನೋಡಲು ಚೆಂದವೆಂದು ತರುವವರೂ ಉಂಟು. ತಂದವರಲ್ಲಿ ಹಲವರು ಮಾಡುವ ತಪ್ಪು ಮಾತ್ರ ಒಂದೇ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಿಂದ ಅಜ್ಜಿಯೊಬ್ಬರು ಬೆಂಗಳೂರಿನಲ್ಲಿದ್ದ ಮಗನ ಮನೆಗೆ ಬಂದು ನೆಲಸಿದರು. ಯಜಮಾನರು ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ಮಗನೇ ಹೋಗಿ ಕರೆತಂದಿದ್ದನು. ಆ ಊರಿನ ಮನೆಯಲ್ಲಿ ಅಂಗಳದ ನಡುವೆ ತುಳಸಿಕಟ್ಟೆ, ಬಾವಿಯ ಪಕ್ಕದಲ್ಲಿ ಬಸಳೆಯ ಚಪ್ಪರ, ಬೇಲಿಯುದ್ದಕ್ಕೂ ದಾಸವಾಳ. ಬೆಳಗಿನ ಹೊತ್ತು ಒಂದು ಗಂಟೆ ಕೊಡಪಾನ ಹಿಡಿದು ಓಡಾಡಿದರೂ ಕೆಲಸ ಮುಗಿಯುತ್ತಿರಲಿಲ್ಲ. ಬೆಂಗಳೂರಿನ ಮನೆಯೋ ಮೂರನೆಯ ಮಹಡಿಯಲ್ಲಿತ್ತು. ಅಲ್ಲಿ ಮಣ್ಣೆಂದರೆ ಬಾಲ್ಕನಿಯ ಮೂಲೆಯಲ್ಲಿದ್ದ ಒಂದು ಕುಂಡದ ಮಣ್ಣು ಮಾತ್ರ. ಆ ಕುಂಡದಲ್ಲಿ ಒಂದು ಜೇಡ್ ಗಿಡವಿತ್ತು.

ಮನೆಯವರೆಲ್ಲರೂ ಅಜ್ಜಿಯನ್ನು ಅಕ್ಕರೆಯಿಂದ ಕಂಡರು. ಸುಮ್ಮನೆ ಕುಳಿತರೆ ‘ಏನು ಯೋಚನೆ?’ ಎಂದು ಕೇಳುವರು; ಕಿಟಕಿಯ ಬಳಿ ನಿಂತರೆ ಕರೆದು ಟಿ.ವಿ.ಯ ಮುಂದೆ ಕೂರಿಸುವರು. ಭಾನುವಾರ ಬಂತೆಂದರೆ ದೇವಸ್ಥಾನಕ್ಕೋ ನೆಂಟರ ಮನೆಗೋ ಕರೆದೊಯ್ಯುವರು. ಅವರ ಮನಸ್ಸು ನೋಯಬಾರದೆಂಬುದೇ ಎಲ್ಲರ ಉದ್ದೇಶ. ಆದರೆ ಅಗಲಿದವರನ್ನು ನೆನೆದು ಒಬ್ಬರೇ ಅಳುವುದಕ್ಕೆ ಒಂದು ಗಳಿಗೆಯ ಬಿಡುವೂ ಅಜ್ಜಿಗೆ ದೊರೆಯಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ದಿನ, “ಅಜ್ಜಿ, ಈ ಗಿಡ ಇನ್ನು ಮೇಲೆ ನಿನ್ನದು. ನೀನೇ ನೋಡಿಕೊ” ಎಂದಳು. ಬಹಳ ದಿನಗಳ ಮೇಲೆ ಅಜ್ಜಿಯ ಮುಖ ಅರಳಿತು.

ಮರುದಿನದಿಂದಲೇ ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು ನೀರು ಗಿಡಕ್ಕೆ ಬೀಳತೊಡಗಿತು. ಅಜ್ಜಿ ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ, “ಬಸಳೆಯ ಹಾಗೆಯೇ ದಪ್ಪಗಿದೆ. ನೀರು ಕುಡಿಯುವ ಜಾತಿ” ಎಂದು ತೀರ್ಮಾನಿಸಿದ್ದರು. ಅರುವತ್ತು ವರ್ಷಗಳ ಅನುಭವ ಅವರಿಂದ ಹಾಗೆ ಹೇಳಿಸಿತು. ಬಸಳೆಯ ಎಲೆ ದಪ್ಪ. ಅದಕ್ಕೆ ದಿನವೂ ನೀರು ಬೇಕು. ಇದರ ಎಲೆಯೂ ದಪ್ಪ, ಇದಕ್ಕೂ ಬೇಕಲ್ಲವೆ? ಕೆಲವು ವಾರ ಗಿಡವೂ ಕಳೆಕಳೆಯಾಗಿಯೇ ಇದ್ದಿತು. ಅಷ್ಟರಲ್ಲಿ ಮುಂಗಾರು ಬಂದಿತು. ಮಳೆಯ ಎರಚಲು ಬಾಲ್ಕನಿಗೂ ಹೊಡೆಯಿತು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತು. ಚೆಂಬಿನ ನೀರು ಮಾತ್ರ ಎರಡು ಹೊತ್ತೂ ತಪ್ಪಲಿಲ್ಲ.

ಆಷಾಢದಲ್ಲಿ ಎಲೆಗಳು ಹಳದಿಗೆ ತಿರುಗಿ, ಮುಟ್ಟಿದರೆ ಉದುರತೊಡಗಿದವು. ಬಾಡುತ್ತಿದೆಯೆಂದು ಬಗೆದು ಅಜ್ಜಿ ಇನ್ನೊಂದು ಚೆಂಬು ಹೆಚ್ಚಾಗಿಯೇ ಎರೆದರು. ಒಂದು ಬೆಳಿಗ್ಗೆ ನೋಡಿದಾಗ ಗಿಡ ಬುಡದಿಂದಲೇ ಒಂದು ಬದಿಗೆ ವಾಲಿತ್ತು. ಕಾಂಡವನ್ನು ಒತ್ತಿದರೆ ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. “ನನ್ನ ಕೈ ಹಾಕಿದ ಗಿಡ ಸತ್ತದ್ದು ಇದೇ ಮೊದಲು. ಈ ಕೈಗೆ ಇನ್ನೇನೂ ಉಳಿಯಲಿಲ್ಲ” ಎಂದು ಅಜ್ಜಿ ಅಲ್ಲಿಯೇ ಕುಸಿದು ಕುಳಿತರು. ಅಂದು ಅವರು ಊಟವನ್ನೂ ಮಾಡಲಿಲ್ಲ.

ಮೊಮ್ಮಗಳು ಕೆಳಗಿನ ಹೂತೋಟವನ್ನು ನೋಡಿಕೊಳ್ಳುತ್ತಿದ್ದ ಮಾಲಿಯನ್ನು ಕರೆತಂದಳು. ಆತ ಮಣ್ಣಿನಲ್ಲಿ ಬೆರಳಿಟ್ಟು ನೋಡಿ, “ಅಮ್ಮಾ, ಇದು ನೀರಿಲ್ಲದೆ ಬಾಡಿದ್ದಲ್ಲ, ನೀರು ಹೆಚ್ಚಾಗಿ ಕೊಳೆತದ್ದು” ಎಂದನು. ಆಮೇಲೆ ಗಿಡದ ತಲೆಯನ್ನು ಪರೀಕ್ಷಿಸಿದನು. ಮೇಲಿನ ಒಂದು ಕೊಂಬೆ ಇನ್ನೂ ಗಟ್ಟಿಯಾಗಿತ್ತು. ಚೊಕ್ಕಟವಾದ ಚಾಕುವಿನಿಂದ ಅದನ್ನು ಕತ್ತರಿಸಿದನು. ಕತ್ತರಿಸಿದ ಜಾಗದಲ್ಲಿ ಕೊಳೆತ ಕಲೆಯಿರಲಿಲ್ಲ. “ಇದು ಬದುಕುತ್ತದೆ. ಆದರೆ ಈಗಲೇ ನೆಡಬೇಡಿ. ನೆರಳಿನಲ್ಲಿ ಒಂದು ವಾರ ಸುಮ್ಮನೆ ಇಡಿ. ಮೊದಲು ಗಾಯ ಒಣಗಲಿ” ಎಂದು ಹೇಳಿ ಕೆಳಗಿಳಿದು ಹೋದನು.

ಗಿಡವೊಂದು ನೀರಿನಿಂದ ಸಾಯುವುದೇಕೆಂಬುದನ್ನು ತಿಳಿಯಬೇಕಾದರೆ ಅದರ ತವರನ್ನು ನೋಡಬೇಕು. ಜೇಡ್ ಗಿಡದ ತವರು ಆಫ್ರಿಕಾ ಖಂಡದ ದಕ್ಷಿಣ ಭಾಗ. ದಕ್ಷಿಣ ಆಫ್ರಿಕಾ ದೇಶದ ಪೂರ್ವ ಕೇಪ್ ಮತ್ತು ಕ್ವಾಜುಲು-ನಟಾಲ್ ಪ್ರಾಂತಗಳ ಕಲ್ಲುಗುಡ್ಡಗಳಲ್ಲಿ, ಒಣ ಕಣಿವೆಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಲ್ಲಿ ಮಳೆ ಬಂದಾಗ ಸಿಕ್ಕಿದ ನೀರನ್ನು ಎಲೆಯಲ್ಲಿ, ಕಾಂಡದಲ್ಲಿ ತುಂಬಿಕೊಂಡು ಮುಂದಿನ ಮಳೆಯವರೆಗೂ ಅದು ಕಾಯಬೇಕು. ಎಲೆಯ ದಪ್ಪ ದಾಹದ ಗುರುತಲ್ಲ, ಸಂಗ್ರಹದ ಗುರುತು. ಇನ್ನು ಬೇರುಗಳಿಗಾದರೋ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ಸದಾ ನೀರೇ ನಿಂತರೆ ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಸತ್ತ ಬೇರಿಗೆ ಬೂಷ್ಟು ಹಿಡಿದು ಕೊಳೆತ ಮೇಲಕ್ಕೇರುತ್ತದೆ. ಬೇರಿಲ್ಲದ ಗಿಡ ಬಾಡುತ್ತದೆ. ಅದನ್ನು ಕಂಡು ಮತ್ತೆ ನೀರೆರೆಯುವುದೇ ದುರಂತ.

ಈ ಗಿಡದ ಇನ್ನೊಂದು ಗುಣ ಮತ್ತೂ ಸೋಜಿಗದ್ದು. ಸಾಮಾನ್ಯವಾದ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಆಗ ಎಲೆಯ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನೀರು ದುರ್ಲಭವಾದ ನಾಡಿನ ಗಿಡಕ್ಕೆ ಇದು ಸಲ್ಲದು. ಆದ್ದರಿಂದ ಜೇಡ್ ಗಿಡ ಹಗಲಿನ ಬಿಸಿಲಿನಲ್ಲಿ ಆ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ಒಳಗೆಳೆದುಕೊಂಡದ್ದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲು ಬಂದ ಮೇಲೆ ಅದರಿಂದ ಆಹಾರವನ್ನು ತಯಾರಿಸಿಕೊಳ್ಳುತ್ತದೆ.

ಈ ಗುಟ್ಟಿನ ಒಂದು ಸುಳಿವು ಮೊದಮೊದಲು ಸಿಕ್ಕಿದ್ದು ಭಾರತದಲ್ಲಿಯೇ ಎಂಬುದು ಗಮನಾರ್ಹ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಬೆಂಜಮಿನ್ ಹೇಯ್ನೆ ಎಂಬ ಸಸ್ಯಶಾಸ್ತ್ರಜ್ಞನು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿದನು. ಬೆಳಿಗ್ಗೆ ಅದು ಹುಳಿಯಾಗಿತ್ತು, ನಡುಹಗಲಿಗೆ ಸಪ್ಪೆಯಾಯಿತು, ಸಂಜೆಗೆ ತುಸು ಕಹಿಯಾಯಿತು. ಈ ಸಂಗತಿಯನ್ನು ಅವನು ಬರೆದು ಕಳುಹಿಸಿದ ಪತ್ರವು 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದವನೂ ಇದೇ ಹೇಯ್ನೆ. ಕಾಡುಬಸಳೆಯು ಹೆಸರಿನಲ್ಲಿ ಮಾತ್ರ ಬಸಳೆ. ಕುಲದಲ್ಲಿ ಅದು ಜೇಡ್ ಗಿಡದ ದಾಯಾದಿ. ಊಟದ ಬಸಳೆಯ ಕುಲವೇ ಬೇರೆ.

ಮೊಮ್ಮಗಳು ಇದನ್ನೆಲ್ಲ ಓದಿ ತಿಳಿದು ಹೇಳಿದಾಗ ಅಜ್ಜಿ ಬೆರಗಾದರು. “ನಮ್ಮ ಬಚ್ಚಲುಮನೆಯ ಹಿಂದಿನ ಗೋಡೆಯ ಮೇಲೆ ಕಾಡುಬಸಳೆ ಇತ್ತಲ್ಲ, ಅದಕ್ಕೆ ಯಾರು ನೀರು ಹಾಕಿದ್ದರು? ಉದುರಿದ ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತಿತ್ತು. ಇದು ಅದರ ನೆಂಟನೆಂದು ಒಂದು ಮಾತು ಮೊದಲೇ ತಿಳಿದಿದ್ದರೆ...” ಎಂದು ನಿಟ್ಟುಸಿರುಬಿಟ್ಟರು.

ಕತ್ತರಿಸಿದ ಕೊಂಬೆ ಒಂದು ಹಳೆಯ ಪತ್ರಿಕೆಯ ಮೇಲೆ ಮಲಗಿತ್ತು. ಅದನ್ನು ಹಾಗೆ ಬಿಟ್ಟಿರುವುದು ಅಜ್ಜಿಗೆ ಮೊದಲ ಎರಡು ದಿನ ಬಹಳ ಕಷ್ಟವಾಯಿತು. ಮೂರನೆಯ ದಿನ ಅವರು ಅದರ ಪಕ್ಕದಲ್ಲಿ ಕುಳಿತು, ಕತ್ತರಿಸಿದ ತುದಿಯಲ್ಲಿ ತೆಳುವಾದ ಒಣ ಪೊರೆ ಮೂಡುತ್ತಿರುವುದನ್ನು ನೋಡಿದರು. “ಕಿತ್ತ ಕೂಡಲೇ ಮಣ್ಣಿಗಿಟ್ಟರೆ ಇದು ಕೊಳೆಯುತ್ತದಂತೆ, ಪುಟ್ಟಿ. ಕೆಲವು ದಿನ ಸುಮ್ಮನೆ ಬಿಡಬೇಕಂತೆ” ಎಂದು ಹೇಳುವಾಗ ಅವರ ದನಿ ಕಟ್ಟಿತು. ಮೊಮ್ಮಗಳು ಉತ್ತರ ಕೊಡಲಿಲ್ಲ. ಒಳಗಿನಿಂದ ತಂದೆ, “ಅಮ್ಮಾ, ಅಲ್ಲೇನು ಒಬ್ಬಳೇ ಕುಳಿತೆ? ಇಲ್ಲಿ ಬಾ” ಎಂದು ಕೂಗಿದಾಗ ಅವಳು ಮೆಲ್ಲನೆ ಒಳಗೆ ಹೋಗಿ, “ಅಪ್ಪಾ, ಅಜ್ಜಿ ಸ್ವಲ್ಪ ಹೊತ್ತು ಅಲ್ಲೇ ಇರಲಿ” ಎಂದಳು. ಅಂದು ಅಜ್ಜಿ ಕತ್ತಲಾಗುವವರೆಗೂ ಬಾಲ್ಕನಿಯಲ್ಲಿಯೇ ಕುಳಿತಿದ್ದರು. ಎದ್ದು ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಮುಖ ಮಾತ್ರ ಹಗುರಾಗಿತ್ತು.

ಎಂಟನೆಯ ದಿನ ಕೊಂಬೆಯನ್ನು ನೆಟ್ಟರು. ತಳದಲ್ಲಿ ತೂತಿರುವ ಸಣ್ಣ ಮಣ್ಣಿನ ಕುಂಡ. ಅದರಲ್ಲಿ ಕೆಂಪು ಮಣ್ಣಿನೊಡನೆ ಧಾರಾಳವಾಗಿ ದಪ್ಪ ಮರಳು ಮತ್ತು ಇಟ್ಟಿಗೆಯ ಚೂರು. ಎರಚಲು ಬೀಳದ, ಆದರೆ ಎಳೆಬಿಸಿಲು ಬರುವ ಪೂರ್ವದ ಕಿಟಕಿಯಲ್ಲಿ ಅದಕ್ಕೆ ಸ್ಥಳವಾಯಿತು. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಗೇ ಸುಡುಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ಬೆಳಕೇ ಇಲ್ಲದಿದ್ದರೆ ಕೊಂಬೆ ಸೊರಗಿ ಉದ್ದವಾಗುತ್ತದೆ. ನೀರಿಗೆ ವಾರದ ಲೆಕ್ಕವಿಲ್ಲ, ಬೆರಳಿನ ಲೆಕ್ಕ. ಎರಡು ಅಂಗುಲ ಆಳದವರೆಗೆ ಮಣ್ಣು ಒಣಗಿದ್ದರೆ ತಳದಿಂದ ಸೋರುವಷ್ಟು ಎರೆದು, ತಟ್ಟೆಯ ನೀರನ್ನು ಚೆಲ್ಲಿಬಿಡಬೇಕು; ತೇವವಿದ್ದರೆ ಎರೆಯಬಾರದು. ಎಲೆ ಸುಕ್ಕುಗಟ್ಟಿದರೆ ದಾಹವೆಂದೂ ಹಳದಿಯಾಗಿ ಮೆತ್ತಗಾದರೆ ಅಜೀರ್ಣವೆಂದೂ ಅಜ್ಜಿ ಗುರುತು ಮಾಡಿಕೊಂಡರು. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಹುಳು ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸುವುದನ್ನು ಕಲಿತರು. ಈ ಎಲೆ ನಾಯಿ, ಬೆಕ್ಕುಗಳಿಗೆ ವಿಷವೆಂದು ತಿಳಿದ ಮೇಲೆ, ಪಕ್ಕದ ಮನೆಯ ಬೆಕ್ಕಿಗೆ ಎಟುಕದಂತೆ ಕುಂಡವನ್ನು ಎತ್ತರದಲ್ಲಿರಿಸಿದರು.

ನವರಾತ್ರಿಯ ಹೊತ್ತಿಗೆ ಕೊಂಬೆಯ ತುದಿಯಲ್ಲಿ ಅವರೆಕಾಳಿನಷ್ಟು ದೊಡ್ಡದಾದ ಒಂದು ಜೊತೆ ಎಲೆ ಮೂಡಿತು. ಅಜ್ಜಿ ಇಂದಿಗೂ ದಿನ ಬೆಳಗಾದರೆ ಗಿಡದ ಬಳಿಗೆ ಹೋಗುತ್ತಾರೆ. ಮಣ್ಣನ್ನು ಮುಟ್ಟಿ ನೋಡುತ್ತಾರೆ. ಎಲೆಯ ಮೇಲಿನ ಧೂಳನ್ನು ಒರೆಸುತ್ತಾರೆ. ಕುಂಡವನ್ನು ತುಸು ತಿರುಗಿಸಿ ಇನ್ನೊಂದು ಮಗ್ಗುಲಿಗೂ ಬೆಳಕು ಬೀಳುವಂತೆ ಮಾಡುತ್ತಾರೆ. ನೋಡುವ ಕೆಲಸ ಒಂದು ದಿನವೂ ತಪ್ಪುವುದಿಲ್ಲ. ಚೆಂಬು ಮಾತ್ರ ಹೆಚ್ಚಿನ ದಿನಗಳಲ್ಲಿ ಒಳಗೇ ಉಳಿಯುತ್ತದೆ.