ಬಾಗಿಲುಳ್ಳ ಪೇಟೆ

ಸಂತೆಗೆ ಬಾಗಿಲಿಲ್ಲ. ಸೊರಬ, ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ವಾರಕ್ಕೊಮ್ಮೆ ಬಯಲು ತುಂಬುತ್ತದೆ, ಸಂಜೆಗೆ ಬರಿದಾಗುತ್ತದೆ. ಕೊಳ್ಳಲು ಬಂದವನೂ, ಮಾರಲು ಬಂದವನೂ, ಏನೊಂದೂ ಕೆಲಸವಿಲ್ಲದೆ ನೆಂಟರ ಕ್ಷೇಮಸಮಾಚಾರ ಕೇಳಲು ಬಂದವನೂ ಒಂದೇ ಧೂಳನ್ನು ಮೆಟ್ಟಿ ನಡೆಯುತ್ತಾರೆ. ನೀನು ಯಾರು, ಏನುಟ್ಟು ಬಂದೆ ಎಂದು ತಡೆದು ಕೇಳುವವರಿಲ್ಲ. ಹೊಸಬಾಳೆಯ ಕಡೆಯ ಹಿರಿಯರೊಬ್ಬರು ಎಪ್ಪತ್ತು ವರ್ಷ ಹೀಗೆಯೇ ತಿಳಿದಿದ್ದರು.

2024ರ ಮಳೆಗಾಲದ ಕೊನೆಯಲ್ಲಿ ಅವರು ಬೆಂಗಳೂರಿನ ಮಗನ ಮನೆಗೆ ಹೋದರು. ಮನೆ ಇದ್ದುದು ಊರಿನ ಅಂಚಿನ ಹೊಸ ಬಡಾವಣೆಯಲ್ಲಿ. ಬೆಂಗಳೂರು ಹೀಗೆ ಅಂಚನ್ನು ದಾಟಿ ದಾಟಿ ಬೆಳೆದ ಊರು. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಡಿಸಿದಾಗ ಬಸವನಗುಡಿಯೂ ಮಲ್ಲೇಶ್ವರವೂ ಎದ್ದವು. ಗಾಂಧಿಬಜಾರು ಆ ಬಸವನಗುಡಿಯ ಮನೆಗಳ ನಡುವೆ ಬೆಳೆದುದು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಮುಂದೆ ಅದರ ನಾಲ್ಕನೆಯ ಬ್ಲಾಕಿನಲ್ಲಿ ಸರ್ಕಾರವೇ ಅಂಗಡಿಗಳ ಸಮುಚ್ಚಯವನ್ನು ಕಟ್ಟಿಸಿತು. ಆ ಬಳಿಕ ಬಂದುದು ಮಾಲುಗಳ ಕಾಲ. ಕೋರಮಂಗಲದಲ್ಲಿ 2004ರಲ್ಲಿ, ಮಲ್ಲೇಶ್ವರದಲ್ಲಿ 2010ರಲ್ಲಿ, ವೈಟ್‌ಫೀಲ್ಡಿನ ದಾರಿಯಲ್ಲಿ 2011ರಲ್ಲಿ, ಹೆಬ್ಬಾಳದ ಆಚೆಗೆ 2023ರಲ್ಲಿ ಒಂದರ ಹಿಂದೆ ಒಂದು ತೆರೆದುಕೊಂಡವು. 2011ರ ಜನಗಣತಿಯಲ್ಲಿಯೇ ಮಹಾನಗರಪಾಲಿಕೆಯ ಎಲ್ಲೆಯೊಳಗೆ 84 ಲಕ್ಷ ಜನರಿದ್ದರು. ಅಷ್ಟು ಜನ ಹಳೆಯ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬರುವುದು ಹೇಗೆ? ಪೇಟೆಯೇ ಅವರಿದ್ದಲ್ಲಿಗೆ ನಡೆದು ಹೋಯಿತು.

ಇಂತಹ ಮುಚ್ಚಿದ ಪೇಟೆಯನ್ನು ಮೊದಲು ಕಲ್ಪಿಸಿದವನು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ವಿಕ್ಟರ್ ಗ್ರೂಯೆನ್ ಎಂಬ ಶಿಲ್ಪಿ. ಮಿನೆಸೋಟಾ ಪ್ರಾಂತದ ಈಡೈನಾದಲ್ಲಿ 1956ರಲ್ಲಿ ಅವನ ಸೌತ್‌ಡೇಲ್ ತೆರೆಯಿತು. ಕಾರುಗಳಲ್ಲಿ ಬಂದು ಕಾರುಗಳಲ್ಲಿ ಹೋಗುವ ಬಡಾವಣೆಯ ಒಂಟಿ ಜನಕ್ಕೆ ಕಲೆತು ಕೂರುವ ಒಂದು ಚೌಕವನ್ನು ಒದಗಿಸಬೇಕೆಂಬುದು ಅವನ ಆಸೆ. ಆದರೆ ಚೌಕದ ಮಾತು ಹಿಂದೆ ಬಿದ್ದು ವ್ಯಾಪಾರವೊಂದೇ ಉಳಿಯಿತೆಂದು ಕೊನೆಗಾಲದಲ್ಲಿ ಅವನೇ ನೊಂದುಕೊಂಡನು.

ಹಿರಿಯರಿಗೆ ಈ ಇತಿಹಾಸದ ಗೊಡವೆಯಿರಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಬೇರೆ. ಆ ವರ್ಷದ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು, ಮಗನೊಡನೆ ಸಿನಿಮಾ ನೋಡಲು ಬಂದವರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ ತಡೆದಿದ್ದರು. ನಾಡೆಲ್ಲ ಸಿಟ್ಟಾಯಿತು; ಸಂಗತಿ ವಿಧಾನಸಭೆಗೂ ಬಂದಿತು; ಆ ಮಾಲನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಹಾವೇರಿಯ ಜಿಲ್ಲೆಯೆಂದರೆ ಸೊರಬದವರಿಗೆ ಬೇಲಿಯಾಚೆಯ ನೆರೆ. ತಡೆಯಲ್ಪಟ್ಟವನು ತನ್ನ ವಯಸ್ಸಿನವನು, ತನ್ನಂತೆ ಉಡುವವನು.

ಒಂದು ಭಾನುವಾರ ಮಗನು ಎಲ್ಲರನ್ನೂ ಮಾಲಿಗೆ ಕರೆದೊಯ್ಯಲು ಸಿದ್ಧನಾದನು. ಹೊರಡುವ ಮುನ್ನ ತಂದೆಯ ಮುಖವನ್ನು ನೋಡದೆ, “ಅಪ್ಪಯ್ಯ, ಒಂದು ಪ್ಯಾಂಟು ತಂದಿಟ್ಟಿದ್ದೇನೆ. ಹಾಕಿಕೊಂಡರೆ ಚೆನ್ನಾಗಿರುತ್ತಿತ್ತು” ಎಂದನು. ಅದರಲ್ಲಿ ನಾಚಿಕೆಯಿರಲಿಲ್ಲ, ತಂದೆಗೆ ಅವಮಾನವಾದರೆ ಹೇಗೆಂಬ ಭಯವಿತ್ತು. ಹಿರಿಯರು ಉತ್ತರ ಹೇಳಲಿಲ್ಲ. ಒಗೆದ ಪಂಚೆಯನ್ನುಟ್ಟು, ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತರು.

ಬಾಗಿಲಲ್ಲಿ ಏನೂ ನಡೆಯಲಿಲ್ಲ. ಕಾವಲಿನ ಹುಡುಗನು, “ಬನ್ನಿ ಯಜಮಾನರೇ” ಎಂದು ದಾರಿಬಿಟ್ಟನು. ಮಗನು ನಿಟ್ಟುಸಿರಿಟ್ಟನು.

ಒಳಗೆ ತಂಪಾಗಿತ್ತು. ಬೆಲೆಯನ್ನು ಚೀಟಿಯಲ್ಲಿ ಬರೆದಿದ್ದರು, ಚೌಕಾಸಿಯಿಲ್ಲ. ಹೆಣ್ಣುಮಕ್ಕಳು ಯಾರ ಕಣ್ಣಿಗೂ ಅಂಜದೆ ಗುಂಪಾಗಿ ಕುಳಿತು ನಗುತ್ತಿದ್ದರು. ಶೌಚಾಲಯ ಶುಚಿಯಾಗಿತ್ತು; ಸಂತೆಗೆ ಹೋದ ದಿನ ತಮ್ಮ ಮನೆಯ ಹೆಂಗಸರು ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದುದು ಅವರಿಗೆ ಆಗ ನೆನಪಾಯಿತು. ಮೊಮ್ಮಗಳ ಕೈಹಿಡಿದು ಚಲಿಸುವ ಮೆಟ್ಟಿಲನ್ನೂ ಹತ್ತಿದರು. ಬಳಿಕ ಒಂದು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಜನವನ್ನು ನೋಡಿದರು. ಯಾರು ಯಾವ ಜಾತಿಯವರೆಂದು ತಿಳಿಯುವಂತಿರಲಿಲ್ಲ. ಎಲ್ಲರೂ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದರು.

ಈ ಮುಟ್ಟುವಿಕೆಯೇ ಅವರ ನೆನಪನ್ನು ಕೆದಕಿತು. ಊರಿನ ಅಂಗಡಿಗೆ ಕಾವಲಿನವನಿರಲಿಲ್ಲ ನಿಜ, ಆದರೆ ಜಗಲಿಯಿತ್ತು. ಕೆಲವರು ಜಗಲಿಯ ಮೇಲೆ ಕೂರುವರು, ಕೆಲವರು ಕೆಳಗೆ ಅಂಗಳದಲ್ಲಿ ನಿಲ್ಲುವರು. ನಿಂತವರ ಸೆರಗಿಗೆ ಉಪ್ಪು ಬೆಲ್ಲಗಳನ್ನು ಮೇಲಿನಿಂದ ಹಾಕುವರು. ಅವರ ಕಾಸನ್ನು ನೀರು ಚಿಮುಕಿಸಿ ಎತ್ತಿಕೊಳ್ಳುವರು. ಹುಡುಗನಾಗಿದ್ದಾಗ ತಾವೂ ತೋಟದ ಆಳುಗಳಿಗೆ ಹಾಗೆಯೇ ಎತ್ತರದಿಂದ ಕೂಲಿ ಹಾಕಿದ್ದರು. ಅಂಗಡಿಗೆ, ಹೋಟೆಲಿಗೆ ಪ್ರವೇಶಿಸಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೇಳುತ್ತದೆ. ಆ ವಿಧಿ ಜಗಲಿಯವರೆಗೆ ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಪಂಚೆಯವನನ್ನು ತಡೆದರೆಂದು ಮೂರು ತಿಂಗಳು ಕುದಿದ ಮನಸ್ಸು, ತಾವು ತಡೆದವರನ್ನು ಎಣಿಸಲು ತೊಡಗಿ ಮಂಕಾಯಿತು.

ಮರಳುವಾಗ ಅದೇ ಕಾವಲಿನ ಹುಡುಗ ಇನ್ನೂ ನಿಂತೇ ಇದ್ದನು. “ಕೂರುವುದಿಲ್ಲವೇನಪ್ಪ?” ಎಂದು ಹಿರಿಯರು ಕೇಳಿದರು. “ಕೂರುವ ಹಾಗಿಲ್ಲ ಅಜ್ಜ” ಎಂದು ಅವನು ನಕ್ಕನು.

ಅಡಕೆ ಸುಲಿಯುವ ಕಾಲಕ್ಕೆ ಅವರು ಊರಿಗೆ ಬಂದರು. ಮೂವತ್ತು ವರ್ಷದಿಂದ ಆ ಮನೆಯ ಕೆಲಸಕ್ಕೆ ಬರುತ್ತಿದ್ದ ಮುದುಕನು ಎಂದಿನಂತೆ ಅಂಗಳದ ತುದಿಯಲ್ಲಿ ಕುಳಿತು ಕಾಫಿಗೆ ಕಾಯುತ್ತಿದ್ದನು. “ಮೇಲೆ ಬಾರೋ, ಇಲ್ಲಿ ಕೂತು ಕುಡಿ” ಎಂದು ಹಿರಿಯರು ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಸ್ಥಳ ಮಾಡಿದರು. ಅವನು ಎದ್ದು ಬಂದನು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, “ಇರಲಿ ಅಯ್ಯಾ, ಇಲ್ಲೇ ಸಾಕು” ಎಂದು ನಿಂತುಬಿಟ್ಟನು. ಹಿರಿಯರು ಮತ್ತೆ ಕರೆಯಲಿಲ್ಲ. ಲೋಟವನ್ನೆತ್ತಿಕೊಂಡು ತಾವೇ ಇಳಿದು ಹೋಗಿ, ಆ ಮೆಟ್ಟಿಲ ಮೇಲೆ ಕುಳಿತರು.