ಸಾಲಿನಲ್ಲಿ ಕೊಂಡ ನಾಣ್ಯ

ಕನ್ನಡದಲ್ಲಿ ‘ನಾಣ್ಯ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಮುದ್ರೆ ಪಡೆದು ಹೊರಬರುವ ಲೋಹದ ಬಿಲ್ಲೆ ಒಂದು. ಮನುಷ್ಯನ ನಡೆನುಡಿಗಳಲ್ಲಿ ತೋರುವ ಸಾಚಾತನ ಮತ್ತೊಂದು. ನಾಣ್ಯವಂತನೆಂದರೆ ಹಣವುಳ್ಳವನೆಂದಲ್ಲ, ನಂಬಿಕೆಗೆ ಯೋಗ್ಯನೆಂದು. ಹಳ್ಳಿಯ ಶಾಲೆಗಳಲ್ಲಿ ಮೂವತ್ತೈದು ವರ್ಷ ಈ ಅರ್ಥಭೇದವನ್ನು ಮಕ್ಕಳಿಗೆ ಬೋಧಿಸಿ ನಿವೃತ್ತರಾದ ಹಿರಿಯ ಉಪಾಧ್ಯಾಯರೊಬ್ಬರಿಗೆ ಆ ಎರಡು ಅರ್ಥಗಳೂ ಒಟ್ಟಿಗೆ ಎದುರಾದುದು ಸ್ವದೇಶದಲ್ಲಲ್ಲ. 2014ರ ಆಗಸ್ಟ್ ತಿಂಗಳಲ್ಲಿ, ಅಮೆರಿಕೆಯ ಷಿಕಾಗೋ ನಗರದ ಮಗ್ಗುಲಿಗಿರುವ ರೋಸ್‌ಮಾಂಟ್ ಎಂಬ ಊರಿನಲ್ಲಿ.

ನಾಣ್ಯಗಳ ಮೇಲೆ ಅವರಿಗೆ ಮೊದಲಿನಿಂದಲೂ ಮಮತೆ. ನೆಹರೂ ಅವರು ತೀರಿಕೊಂಡ 1964ರಲ್ಲಿ ಸರ್ಕಾರವು ಅವರ ಮುಖಮುದ್ರೆಯುಳ್ಳ ಒಂದು ರೂಪಾಯಿಯನ್ನೂ ಐವತ್ತು ಪೈಸೆಯನ್ನೂ ಹೊರಡಿಸಿತು. ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳ ಪರಂಪರೆ ಅಲ್ಲಿಂದ ಮೊದಲಾಯಿತು. ಉಪಾಧ್ಯಾಯರ ಮೊದಮೊದಲ ಸಂಬಳಗಳೊಂದರಲ್ಲಿ ಅಂಥ ರೂಪಾಯಿಯೊಂದು ಕೈಸೇರಿ, ಖರ್ಚಾಗದೆ ಪೆಟ್ಟಿಗೆಯಲ್ಲಿ ಉಳಿಯಿತು. ಗಾಂಧೀ ಶತಾಬ್ದಿಯ ರೂಪಾಯಿ 1969ರಲ್ಲಿ ಅದರ ಜೊತೆಗೂಡಿತು. 2006ರಲ್ಲಿ ಬಸವೇಶ್ವರರ ಸ್ಮರಣೆಗೆ ನೂರು ರೂಪಾಯಿಯ ಬೆಳ್ಳಿಮಿಶ್ರ ನಾಣ್ಯವೂ ಐದು ರೂಪಾಯಿಯ ನಾಣ್ಯವೂ ಹೊರಬಂದಾಗ, ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಬಂದ ಐದರ ನಾಣ್ಯಗಳನ್ನು ಅವರು ಒಂದೊಂದಾಗಿ ಎತ್ತಿಟ್ಟರು. ಯಾವುದಕ್ಕೂ ಮುಖಬೆಲೆಗಿಂತ ಒಂದು ಕಾಸು ಹೆಚ್ಚು ತೆತ್ತವರಲ್ಲ. ಯಾವುದನ್ನೂ ಮಾರಿದವರೂ ಅಲ್ಲ.

ಷಿಕಾಗೋ ಸಮೀಪದಲ್ಲಿ ನೆಲಸಿದ್ದ ಮಗನ ಮನೆಗೆ ಅವರು ಹೋದ ವರ್ಷ, ಆ ದೇಶದಲ್ಲಿ ಒಂದು ವಿಶೇಷ ನಾಣ್ಯದ ಸುದ್ದಿ ಹಬ್ಬಿತ್ತು. 1963ರ ನವೆಂಬರಿನಲ್ಲಿ ಹತರಾದ ಅಧ್ಯಕ್ಷ ಕೆನಡಿಯವರ ನೆನಪಿಗೆ ಅರ್ಧ ಡಾಲರಿನ ಬೆಳ್ಳಿನಾಣ್ಯವು 1964ರ ಮಾರ್ಚ್ 24ರಂದು ಬಿಡುಗಡೆಯಾದಾಗ, ಜನರು ಬ್ಯಾಂಕುಗಳ ಮುಂದೆ ಸಾಲುಗಟ್ಟಿದ್ದರು. ಕೊಂಡವರು ಅದನ್ನು ಖರ್ಚುಮಾಡದೆ ಕಾಪಿಟ್ಟುಕೊಂಡಿದ್ದರಿಂದ ಅದು ಸಂತೆಬೀದಿಯಲ್ಲಿ ಓಡಾಡಿದ್ದೇ ಕಡಮೆ. ಆ ನಾಣ್ಯಕ್ಕೆ ಐವತ್ತು ತುಂಬಿದ ಸಂದರ್ಭದಲ್ಲಿ, ಅದೇ ಅಚ್ಚನ್ನು ಮುಕ್ಕಾಲು ಔನ್ಸ್ ಅಪ್ಪಟ ಚಿನ್ನದಲ್ಲಿ ಒತ್ತಿ, 1964 ಮತ್ತು 2014 ಎಂಬ ಎರಡು ವರ್ಷಗಳನ್ನು ಕಂಡರಿಸಿ, 1,240 ಡಾಲರಿಗೆ ಮಾರಲು ಅಲ್ಲಿನ ಸರ್ಕಾರಿ ಟಂಕಸಾಲೆ ನಿಶ್ಚಯಿಸಿತು. ಅದರೊಳಗಿನ ಚಿನ್ನದ ಅಂದಿನ ಬೆಲೆ ಸಾವಿರ ಡಾಲರಿಗೂ ಕೆಳಗೆ.

ಆಗಸ್ಟ್ 5ರಿಂದ ಮಾರಾಟ. ಟಂಕಸಾಲೆಯ ಮೂರು ಮಳಿಗೆಗಳಲ್ಲಿ, ಎಂದರೆ ವಾಷಿಂಗ್ಟನ್, ಫಿಲಡೆಲ್ಫಿಯಾ, ಡೆನ್ವರ್ ನಗರಗಳಲ್ಲಿ, ದಿನಕ್ಕೆ ನೂರು ನಾಣ್ಯಗಳಂತೆ. ರೋಸ್‌ಮಾಂಟಿನಲ್ಲಿ ನೆರೆದಿದ್ದ ನಾಣ್ಯಸಂಗ್ರಾಹಕರ ಮಹಾಮೇಳದಲ್ಲಿ ದಿನಕ್ಕೆ ಐನೂರರಂತೆ. ಸ್ವತಃ ಬಂದು ನಿಂತವನಿಗೆ ತಲೆಗೊಂದೇ ನಾಣ್ಯ. ಹಣವುಳ್ಳ ಒಬ್ಬನೇ ರಾಶಿಯನ್ನೆಲ್ಲ ಬಾಚಿಕೊಳ್ಳದಿರಲೆಂಬುದು ನಿಯಮದ ಆಶಯ. ನಿಯಮ ಹುಟ್ಟಿದ ದಿನವೇ ಅದರ ಬೆನ್ನಿಗೆ ಉಪಾಯವೂ ಹುಟ್ಟುತ್ತದೆ. ತಲೆಗೊಂದೆಂದ ಮೇಲೆ ತಲೆಗಳನ್ನೇ ಬಾಡಿಗೆಗೆ ಪಡೆದರಾಯಿತು! ವರ್ತಕರು ಕೂಲಿ ಕೊಟ್ಟು ಜನರನ್ನು ಸಾಲಿನಲ್ಲಿ ನಿಲ್ಲಿಸಿದರು. ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರನ್ನೂ ಕರೆತಂದು ನಿಲ್ಲಿಸಿದರೆಂದು ಅಂದಿನ ಪತ್ರಿಕೆಗಳು ಬರೆದವು.

ಮಗನ ಉಪಾಯವೂ ಇದರ ಸಣ್ಣ ರೂಪವೇ ಆಗಿತ್ತು. “ಅಪ್ಪಾ, ನೀವೂ ನನ್ನ ಜೊತೆಗೆ ನಿಂತರೆ ಎರಡು ನಾಣ್ಯ ಸಿಗುತ್ತವೆ. ಒಂದನ್ನು ಅಲ್ಲಿಯೇ ಮಾರಿದರೆ, ಉಳಿದದ್ದರ ಭಾರ ಅಷ್ಟು ಹಗುರವಾಗುತ್ತದೆ” ಎಂದನು. ತಂದೆಯು ಒಪ್ಪಿದರು. ಹೊಸ ದೇಶದ ನೋಟವೊಂದನ್ನು ಕಾಣುವ ಕುತೂಹಲವೇ ಅದಕ್ಕೆ ಮುಖ್ಯ ಕಾರಣ. ಹಿಂದಿನ ಸಂಜೆಯೇ ಮಡಿಚುವ ಕುರ್ಚಿಗಳನ್ನು ಹಿಡಿದು ಹೊರಟರು.

ಸಾಲಿನಲ್ಲಿ ಅವರ ಹಿಂದೆ ನಿಂತವನು ಐವತ್ತರ ಆಸುಪಾಸಿನವನು. ಕುರ್ಚಿಯಿಲ್ಲ, ಕಂಬಳಿಯಿಲ್ಲ. ಮಾತಿಗೆ ಮಾತು ಬೆಳೆದು, ತಾನು ಕೂಲಿಗೆ ನಿಂತವನೆಂದೂ, ಬೆಳಗ್ಗೆ ವರ್ತಕನು ಬಂದು ನಾಣ್ಯದ ಹಣವನ್ನು ತನ್ನ ಕೈಗಿಡುವನೆಂದೂ, ನಾಣ್ಯವನ್ನು ಅವನಿಗೊಪ್ಪಿಸಿ ತಾನು ಕೂಲಿಯನ್ನು ಪಡೆಯುವನೆಂದೂ ಮುಚ್ಚುಮರೆಯಿಲ್ಲದೆ ಹೇಳಿದನು. ಉಪಾಧ್ಯಾಯರು ತಮ್ಮ ಕುರ್ಚಿಯನ್ನು ಅವನಿಗೆ ಆಗಾಗ ಬಿಟ್ಟುಕೊಟ್ಟರು; ಮನೆಯಿಂದ ತಂದ ಚಪಾತಿಯನ್ನು ಹಂಚಿಕೊಂಡರು. ತಮ್ಮ ಚೀಲದಲ್ಲಿದ್ದ ಬಸವಮುದ್ರೆಯ ಐದು ರೂಪಾಯಿಯನ್ನು ತೋರಿಸಿದಾಗ ಅವನು ಅದನ್ನು ಬೀದಿದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದರ ಬೆಲೆಯೆಷ್ಟು?” ಎಂದು ಕೇಳಿದನು. “ಐದು ರೂಪಾಯಿ; ನಿಮ್ಮ ಲೆಕ್ಕದಲ್ಲಿ ಹತ್ತು ಸೆಂಟಿಗೂ ಕಡಮೆ. ನೀವೇ ಇಟ್ಟುಕೊಳ್ಳಿ” ಎಂದರು ಉಪಾಧ್ಯಾಯರು. ಅವನು ನಕ್ಕು ಅದನ್ನು ಅಂಗಿಯ ಜೇಬಿಗೆ ಸೇರಿಸಿದನು.

ಬೆಳಗಾಯಿತು. ಬಾಗಿಲು ತೆರೆಯಿತು. ನೂಕುನುಗ್ಗಲನ್ನು ದಾಟಿ, ಮಗ ಕೊಟ್ಟ ಹಣವನ್ನು ತೆತ್ತು, ಉಪಾಧ್ಯಾಯರು ತಮ್ಮ ಪಾಲಿನ ನಾಣ್ಯವನ್ನು ಕೈಗೆ ತೆಗೆದುಕೊಂಡರು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೊಳ್ಳುವವರು ಸುತ್ತುವರಿದರು. ಮಗನು ಒಬ್ಬ ವರ್ತಕನೊಡನೆ ಮಾತಾಡಿದನು; ಕೊಂಡ ಬೆಲೆಯ ಮೇಲೆ ಕೆಲವು ನೂರು ಡಾಲರು ಹೆಚ್ಚಿಗೆ ಎಣಿಸಿಕೊಂಡದ್ದಾಯಿತು. ಅಂಗೈಯಲ್ಲಿ ನಾಣ್ಯವಿದ್ದುದು ಐದು ನಿಮಿಷವೂ ಅಲ್ಲ.

ಮನೆಗೆ ಮರಳುವ ದಾರಿಯಲ್ಲಿ ಅವರು ಮೌನವಾಗಿದ್ದರು. ಮಗನು ಕಾರಣವನ್ನು ಊಹಿಸಿ, “ಇದರಲ್ಲಿ ತಪ್ಪೇನು ಅಪ್ಪಾ? ನಾವು ಸುಳ್ಳಾಡಲಿಲ್ಲ, ತೂಕದಲ್ಲಿ ಮೋಸಮಾಡಲಿಲ್ಲ. ಕೊಂಡವನು ತಿಳಿದೇ ಕೊಂಡ” ಎಂದನು. ಮಾತು ನ್ಯಾಯವಾದುದೇ. ಒಂದೆಡೆ ಕೊಂಡು ಇನ್ನೊಂದೆಡೆ ಮಾರುವುದೇ ವಾಣಿಜ್ಯ. ಮೇಳಕ್ಕೆ ಬರಲಾರದ ದೂರದ ಸಂಗ್ರಾಹಕನಿಗೆ ನಾಣ್ಯವನ್ನು ಮುಟ್ಟಿಸುವ ವರ್ತಕನು ಲಾಭ ಪಡೆದರೆ ಅದು ಅವನ ಶ್ರಮದ ಫಲ. ಉಪಾಧ್ಯಾಯರ ಮನಸ್ಸನ್ನು ಕೊರೆದ ಪ್ರಶ್ನೆ ಬೇರೆ. ಅವರು ನಿಂತ ರಾತ್ರಿಯೂ ಹಿಂದಿನವನು ನಿಂತ ರಾತ್ರಿಯೂ ಒಂದೇ. ಅವರಿಗಾದರೋ ಕುರ್ಚಿಯೂ ಇತ್ತು. ಆದರೂ ಮೇಲಣ ಲಾಭವೆಲ್ಲ ಅವರ ಮನೆಗೆ ಬಂದಿತು. ಅವನಿಗೆ ದಕ್ಕಿದ್ದು ಕೂಲಿ ಮಾತ್ರ. ಇಬ್ಬರಿಗೂ ನಡುವಣ ಭೇದ ಶ್ರಮದ್ದಲ್ಲ, ಜಾಣ್ಮೆಯದಲ್ಲ. 1,240 ಡಾಲರು ಒಬ್ಬನ ಮನೆಯಲ್ಲಿತ್ತು, ಇನ್ನೊಬ್ಬನಲ್ಲಿರಲಿಲ್ಲ, ಅಷ್ಟೆ.

ಆ ಲಾಭದಲ್ಲಿ ಅರ್ಧವನ್ನು ಅವನಿಗೆ ಕೊಡಬೇಕೆಂದು ಅವರು ಮಗನಿಗೆ ಹೇಳಿದರು. ಮಗನು ಎದುರಾಡಲಿಲ್ಲ. ಮರುದಿನ ಇಬ್ಬರೂ ಹೋಗಿ ಸಾಲಿನ ತುದಿಯಿಂದ ತುದಿಯವರೆಗೆ ಹುಡುಕಿದರು. ಜನ ಇಮ್ಮಡಿಯಾಗಿದ್ದಂತೆ ಕಂಡಿತು, ಅವನು ಕಾಣಲಿಲ್ಲ. ಮೂರನೆಯ ದಿನ ಮತ್ತೆ ಹೊರಡುವಷ್ಟರಲ್ಲಿ, ಆಗಸ್ಟ್ 7ರಂದು, ಜನರ ಸುರಕ್ಷತೆಯ ದೃಷ್ಟಿಯಿಂದ ಮೇಳದಲ್ಲಿಯೂ ಮಳಿಗೆಗಳಲ್ಲಿಯೂ ಮಾರಾಟವನ್ನು ಟಂಕಸಾಲೆ ನಿಲ್ಲಿಸಿತೆಂಬ ಸುದ್ದಿ ಬಂದಿತು. ಸಾಲು ಚದುರಿತು. ಹೆಸರನ್ನು ಕೂಡ ಕೇಳಿಟ್ಟುಕೊಳ್ಳದ ಮನುಷ್ಯನನ್ನು ಅಂಥ ಮಹಾನಗರದಲ್ಲಿ ಹುಡುಕುವುದೆಲ್ಲಿ?

ಇಷ್ಟೆಲ್ಲ ನೂಕಾಟ ನಡೆದ ನಾಣ್ಯದ ಸ್ವರೂಪವು ಅವರಿಗೆ ಪೂರ್ಣವಾಗಿ ತಿಳಿದದ್ದು ಅನಂತರ. ಇಂತಿಷ್ಟೇ ನಾಣ್ಯಗಳನ್ನು ಒತ್ತುತ್ತೇವೆಂಬ ಮಿತಿಯನ್ನು ಟಂಕಸಾಲೆ ಹಾಕಿಯೇ ಇರಲಿಲ್ಲ. ಮನೆಯಲ್ಲಿ ಕುಳಿತು ಗಣಕಯಂತ್ರದ ಮೂಲಕ ಬೇಡಿಕೆ ಸಲ್ಲಿಸಿದವರಿಗೂ ಅದೇ ಚಿನ್ನದ, ಅದೇ ಅಚ್ಚಿನ ನಾಣ್ಯ ದೊರೆಯುತ್ತಿತ್ತು. ಕಾಯುವ ತಾಳ್ಮೆ ಬೇಕಿತ್ತು, ಅಷ್ಟೆ. ಹಾಗಾದರೆ ವರ್ತಕರು ಹೆಚ್ಚು ಹಣ ತೆತ್ತುದು ಯಾವುದಕ್ಕೆ? ಪರೀಕ್ಷಕ ಸಂಸ್ಥೆಗಳು ನಾಣ್ಯವನ್ನು ಪಾರದರ್ಶಕ ಕರಂಡದಲ್ಲಿ ಮುಚ್ಚಿ, ಇದು ಮೊದಲ ದಿನ ಮೇಳದಲ್ಲಿ ಕೊಂಡದ್ದೆಂದು ಚೀಟಿ ಅಂಟಿಸುತ್ತವೆ. ಬೆಲೆ ಆ ಚೀಟಿಗೆ. ಮೇಳದಲ್ಲಿ ಮಾರಾಟವಾದ ಮೊಟ್ಟಮೊದಲ ನಾಣ್ಯವು ಹೀಗೆ ಕೈಯಿಂದ ಕೈಗೆ ಸಾಗಿ ಒಂದು ಲಕ್ಷ ಡಾಲರಿಗೆ ಬಿಕರಿಯಾಯಿತೆಂದು ಪತ್ರಿಕೆಗಳು ವರದಿಮಾಡಿದವು.

ಲಕ್ಕುಂಡಿಯ ಟಂಕಸಾಲೆಯ ಲೊಕ್ಕಿಗದ್ಯಾಣಗಳು ನಮ್ಮ ಶಾಸನಗಳಲ್ಲಿ ಹೆಸರಾದವು. ಗದ್ಯಾಣವೆಂಬುದು ನಾಣ್ಯದ ಹೆಸರೂ ಹೌದು, ತೂಕದ ಹೆಸರೂ ಹೌದು. ತೂಕಕ್ಕೂ ಬೆಲೆಗೂ ಇದ್ದ ಆ ನಂಟನ್ನು ಶಾಲೆಯಲ್ಲಿ ಬಣ್ಣಿಸಿದ್ದ ಉಪಾಧ್ಯಾಯರಿಗೆ, ಒರೆಗಲ್ಲಿಗೆ ಸಿಕ್ಕದ ಈ ಚೀಟಿಯ ಬೆಲೆ ವಿಚಿತ್ರವಾಗಿ ತೋರಿತು. ಚಿನ್ನವಾದರೋ ತನ್ನ ದಾರಿಯನ್ನು ತಾನು ಹಿಡಿಯಿತು. 2025ರಲ್ಲಿ ಔನ್ಸಿನ ಬೆಲೆ 3,000 ಡಾಲರನ್ನು ದಾಟಿದಾಗ, ಚೀಟಿಯಿದ್ದ ನಾಣ್ಯವೂ ಇಲ್ಲದ ನಾಣ್ಯವೂ ಕರಗಿಸಿದರೆ ಒಂದೇ ಬೆಲೆಯವಾಗಿದ್ದವು. ಆ ಬೆಲೆಯೂ ಅಂದು ತೆತ್ತುದಕ್ಕಿಂತ ಬಹಳ ಹೆಚ್ಚು.

ಮಗನ ಪಾಲಿನ ನಾಣ್ಯ ಇಂದಿಗೂ ಅವನ ಮನೆಯಲ್ಲಿದೆ. ಎಣಿಸಿಟ್ಟ ಅರ್ಧಲಾಭವು ಒಂದು ಲಕೋಟೆಯಲ್ಲಿ ಅದರ ಪಕ್ಕದಲ್ಲಿಯೇ ಇದೆ. ಅದು ತಮ್ಮದಲ್ಲವಾದ್ದರಿಂದ ದಾನಮಾಡುವ ಹಕ್ಕೂ ತಮಗಿಲ್ಲವೆಂದು ಉಪಾಧ್ಯಾಯರ ವಾದ. ಊರಿನ ಹುಡುಗರು ಅವರ ಪೆಟ್ಟಿಗೆಯ ನಾಣ್ಯಗಳನ್ನು ನೋಡಲು ಬಂದಾಗ, ಬಸವಮುದ್ರೆಯ ಸಾಲಿನಲ್ಲಿ ಒಂದು ಕುಳಿ ಬರಿದಾಗಿರುವುದನ್ನು ಕಂಡು ಕೇಳುತ್ತಾರೆ. ಅದರ ಜೊತೆಯ ನಾಣ್ಯಗಳು ಇನ್ನೂ ಇವೆ. ಬೇಕೆಂದರೆ ಆ ಕುಳಿಯನ್ನು ತುಂಬಬಹುದು. ಅವರು ತುಂಬಿಲ್ಲ. “ಅದು ಷಿಕಾಗೋದಲ್ಲಿ ಒಬ್ಬರ ಬಳಿ ಇದೆ” ಎನ್ನುತ್ತಾರೆ. ಎಷ್ಟಕ್ಕೆ ಮಾರಿದಿರಿ ಎಂದು ಯಾವನಾದರೂ ಹುಡುಗ ಕೇಳಿದರೆ, ಆ ರಾತ್ರಿಯ ಕಥೆಯನ್ನು ಮೊದಲಿನಿಂದ ಹೇಳಲು ತೊಡಗುತ್ತಾರೆ.