ಶಿವಮೊಗ್ಗೆಯಿಂದ ಭದ್ರಾವತಿಗೆ: ಒಂದು ಪರಿಮಳದ ಪಯಣ

ನಮ್ಮ ಮಗನು ತನ್ನ ಮೊದಲನೆಯ ಸಂಬಳದಲ್ಲಿ, ಭದ್ರಾವತಿಯ ದೊಡ್ಡಪ್ಪನಿಗೆಂದು ಒಂದು ಬುಡ್ಡಿ ಸೆಂಟನ್ನು ಕೊಂಡುತಂದನು. ನಾವು ಮುಚ್ಚಳ ತೆಗೆದು ಮೂಸಿ, "ಬರಿಯ ನಿಂಬೆಯ ಸಿಪ್ಪೆಯ ಘಾಟು! ಇದಕ್ಕೆ ಇಷ್ಟು ಹಣ ತೆತ್ತೆಯಾ?" ಎಂದುಬಿಟ್ಟೆವು. ಹುಡುಗನ ಮುಖವು ಬಾಡಿತು. ಅವನು ಮರುಮಾತಾಡದೆ ನಮ್ಮ ಎಡಗೈಯ ಮಣಿಕಟ್ಟಿಗೆ ಎರಡು ಹನಿ ಹಚ್ಚಿ, "ಉಜ್ಜಬೇಡಿ ಅಪ್ಪಾ, ಸಂಜೆಯವರೆಗೆ ತಾಳಿರಿ" ಎಂದನು.

ಶಿವಮೊಗ್ಗೆಯಲ್ಲಿ ರೈಲು ಹತ್ತಿದಾಗ ಕಿತ್ತಿಳೆ, ನಿಂಬೆಗಳ ವಾಸನೆಯು ಮೂಗಿಗೆ ಅಡರುತ್ತಿದ್ದಿತು. ಭದ್ರಾವತಿಗೆ ದಾರಿ ಸುಮಾರು 20 ಕಿಲೋಮೀಟರು. ಇಳಿಯುವ ವೇಳೆಗೆ ಅದು ಬಹುಮಟ್ಟಿಗೆ ಅಡಗಿತ್ತು. ಹಗುರವಾದ ಈ ಎಣ್ಣೆಗಳು ಮೈಯ ಶಾಖಕ್ಕೆ ಎಲ್ಲಕ್ಕಿಂತ ಮೊದಲು ಆವಿಯಾಗಿ ಹೋಗುವುವು. ಅವು ತೆರವು ಮಾಡಿದೆಡೆಯಲ್ಲಿ ಲ್ಯಾವೆಂಡರ್ ಹೂವಿನ ಪರಿಮಳವು, ಒಗೆದು ಒಣಗಿಸಿದ ಮಡಿಯಂತೆ ತಣ್ಣಗೆ ತಲೆದೋರಿತು. ಅದರ ಬೆನ್ನಿಗೇ ಏಲಕ್ಕಿ, ಲವಂಗಗಳು. ಪರದೇಶದ ಹೂವಿನ ನಡುವೆ ನಮ್ಮ ಮಲೆನಾಡಿನ ಅಡಿಗೆಮನೆಯೇ ಇಣಿಕಿದಂತಾಯಿತು. ಒಂದೇ ಸೆಂಟು ಎಲ್ಲರ ಮೈಯಲ್ಲಿಯೂ ಒಂದೇ ಬಗೆಯಾಗಿರದು. ಜಿಡ್ಡಿನ ಚರ್ಮವು ಪರಿಮಳವನ್ನು ಹೆಚ್ಚು ಕಾಲ ಹಿಡಿಯುವುದು, ಒಣ ಚರ್ಮವು ಬೇಗನೆ ಬಿಟ್ಟುಕೊಡುವುದು.

ನಮ್ಮ ಅಣ್ಣನವರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಊಟವಾದ ಮೇಲೆ, ಹಿರಿಯ ಕೆಲಸಗಾರರಿಂದ ತಾವು ಕೇಳಿದ್ದ ಸಂಗತಿಯನ್ನು ಹೇಳಿದರು. 1918ರಲ್ಲಿ ಆರಂಭಗೊಂಡ ಆ ಕಾರ್ಖಾನೆಯಲ್ಲಿ ಮೊದಮೊದಲು ಅದುರನ್ನು ಇದ್ದಲಿನಿಂದ ಕರಗಿಸುತ್ತಿದ್ದರು. ಕಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲು ಮಾಡುವಾಗ, ಏಳುವ ಹಬೆಯನ್ನು ತಣಿಸಿ ಮದ್ಯಸಾರವನ್ನೂ ಡಾಂಬರನ್ನೂ ಹಿಡಿಯುತ್ತಿದ್ದರು.

ಶ್ರೀಗಂಧದ ಎಣ್ಣೆಯೂ ಹಬೆಯ ಕೂಸೇ. 1914ರ ಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರವು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದಿತು. ಯುದ್ಧದಿಂದ ಆ ದಾರಿ ಕಟ್ಟಲು, 1916ರಲ್ಲಿ ಮೈಸೂರಿನಲ್ಲಿಯೂ, 1944ರಲ್ಲಿ ಶಿವಮೊಗ್ಗೆಯಲ್ಲಿಯೂ ಎಣ್ಣೆಯ ಕಾರ್ಖಾನೆಗಳು ನೆಲೆಗೊಂಡವು. ಈ ಎಣ್ಣೆಯು ಭಾರವಾದುದು, ನಿಧಾನವಾಗಿ ಆರುವುದು. ಆದುದರಿಂದಲೇ ಸೆಂಟು ಮಾಡುವವರು ಅದನ್ನು ತಳಕ್ಕಿಟ್ಟು, ಹಗುರವಾದ ಪರಿಮಳಗಳನ್ನು ಅದರ ಮೇಲೆ ನಿಲ್ಲಿಸುವರು. ಇಂದಿನ ಸೆಂಟುಗಳಲ್ಲಿ ಬಹುಪಾಲು ಗಂಧವು ರಸಾಯನಶಾಲೆಯದಾದರೂ ಕ್ರಮವು ಅದೇ.

ದೀಪ ಹಚ್ಚುವ ಹೊತ್ತಿಗೆ ಅಣ್ಣನವರು ನಮ್ಮ ಕೈಯನ್ನು ಹಿಡಿದು ಮೂಸಿ, "ಏನೋ ಇದು, ದೇವರ ಮನೆಯಲ್ಲಿ ಅಪ್ಪಯ್ಯ ಗಂಧ ತೇಯುತ್ತಿದ್ದ ಹಾಗಿದೆಯಲ್ಲ!" ಎಂದರು. ನಿಂಬೆಯಿರಲಿಲ್ಲ, ಲ್ಯಾವೆಂಡರೂ ಇರಲಿಲ್ಲ. ಮಣಿಕಟ್ಟಿನಲ್ಲಿ ಉಳಿದಿದ್ದುದು ಮೆಲ್ಲನೆಯ ಗಂಧವೊಂದೇ.

ಹುಡುಗನು ಬುಡ್ಡಿಯನ್ನು ದೊಡ್ಡಪ್ಪನ ಕೈಗಿತ್ತು ನಮಸ್ಕರಿಸಿದನು. ಹಿಂದಿರುಗುವ ರೈಲಿನಲ್ಲಿ ನಾವು, "ಬೆಳಗ್ಗೆ ಆತುರಪಟ್ಟು ಆಡಿದೆವಪ್ಪಾ" ಎಂದೆವು. ಅವನು ನಕ್ಕು ಕಿಟಕಿಯ ಹೊರಗೆ ನೋಡಿದನು. ಮನೆಯ ಮಕ್ಕಳು ತಂದ ಉಡುಗೊರೆಗೆ ಬೆಲೆ ಕಟ್ಟುವ ಮುನ್ನ, ವಾಚಕರೂ ಒಂದು ಸಂಜೆಯವರೆಗೆ ತಾಳಿದರೆ ನಷ್ಟವೇನೂ ಇಲ್ಲ.